ಲಾರಿ ಒಬ್ಬರದು, ಸರಕು ಇನ್ನೊಬ್ಬರದು, ಹೊಣೆ ಯಾರದು? ಸಾಗಾಟ ಉದ್ಯಮದ ಸಿಎಸ್‌ಆರ್ ಗೊಂದಲ

2025ರಲ್ಲಿ ಸಾಗಾಟದ ಕೆಲಸಗಾರರ ಬಗ್ಗೆ ಒಂದರ ಹಿಂದೆ ಒಂದು ಸುದ್ದಿ ಬಂತು. ಮೇ ತಿಂಗಳಲ್ಲಿ ಕರ್ನಾಟಕ ಸರ್ಕಾರ ಗಿಗ್ ಕಾರ್ಮಿಕರಿಗಾಗಿ, ಅಂದರೆ ಆ್ಯಪ್ ಮೂಲಕ ಕೆಲಸ ಪಡೆಯುವವರಿಗಾಗಿ, ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷ ಅದು ಕಾಯ್ದೆಯೂ ಆಯಿತು. ಡೆಲಿವರಿ ಹುಡುಗನಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಕಂಪನಿ 1ರಿಂದ 5 ಪರ್ಸೆಂಟ್ ಕಲ್ಯಾಣ ಶುಲ್ಕ ಕಟ್ಟಬೇಕು ಎಂಬುದು ಅದರ ತಿರುಳು. ನವೆಂಬರ್ 21ರಂದು ಕೇಂದ್ರದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅಲ್ಲಿ 1ರಿಂದ 2 ಪರ್ಸೆಂಟ್ ಎಂಬ ಇನ್ನೊಂದು ಲೆಕ್ಕ. ಇವೆರಡಕ್ಕೂ ಮೊದಲೇ, 2014ರಿಂದ, ದೊಡ್ಡ ಕಂಪನಿಗಳು ಸಮಾಜಕ್ಕಾಗಿ ಖರ್ಚು ಮಾಡಬೇಕಾದ ಸಿಎಸ್‌ಆರ್‌ನ 2 ಪರ್ಸೆಂಟ್ ಇದ್ದೇ ಇತ್ತು.

ಓದುವವರಿಗೆ ತಲೆ ಕೆಡುವುದು ಸಹಜ. ಕಂಪನಿಗಳು ಆಗಲೇ 2 ಪರ್ಸೆಂಟ್ ಕೊಡುತ್ತಿದ್ದರೆ ಮತ್ತೆ ಈ ಶುಲ್ಕ ಯಾಕೆ? ಬೆಳಗಾವಿಯ ಟಿಳಕವಾಡಿಯಲ್ಲಿ ಬೈಕಿನ ಮೇಲೆ ಊಟ ತಲುಪಿಸುವ ಹುಡುಗನಿಗೆ ಸಿಗುವುದು ಮುಧೋಳದಿಂದ ಸಿಮೆಂಟ್ ಹೇರಿಕೊಂಡು ಹೊರಟ ಡ್ರೈವರ್‌ಗೂ ಸಿಗುತ್ತದಾ? ಕಾರ್ಖಾನೆ ಊರಿನ ಶಾಲೆಗೆ ಕಟ್ಟಡ ಕಟ್ಟಿಸಿಕೊಟ್ಟರೆ ಅದರ ಲಾರಿಗಳು ಎಬ್ಬಿಸುವ ಧೂಳಿನ ಲೆಕ್ಕ ಚುಕ್ತಾ ಆಯಿತಾ?

ಕೊನೆಯ ಎರಡು ಪ್ರಶ್ನೆಗಳಿಗೆ ಉತ್ತರ: ಇಲ್ಲ. ಯಾಕೆ ಇಲ್ಲ ಎಂದು ತಿಳಿಯಬೇಕಾದರೆ ಈ ಮೂರು ಪರ್ಸೆಂಟ್‌ಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು.

ಮೂರು ಪರ್ಸೆಂಟ್, ಮೂರು ಲೆಕ್ಕ

ಮೊದಲನೆಯದು ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆ. 2013ರ ಕಂಪನಿ ಕಾಯ್ದೆಯ ಸೆಕ್ಷನ್ 135 ಇದನ್ನು ಹೇಳುತ್ತದೆ. ಹಿಂದಿನ ಹಣಕಾಸು ವರ್ಷದಲ್ಲಿ ಕಂಪನಿಯ ನಿವ್ವಳ ಮೌಲ್ಯ 500 ಕೋಟಿ ರೂಪಾಯಿ, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಲಾಭ 5 ಕೋಟಿ ಮುಟ್ಟಿರಬೇಕು. ಮೂರರಲ್ಲಿ ಒಂದು ಮುಟ್ಟಿದರೂ ಸಾಕು. ಅಂಥ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ 2 ಪರ್ಸೆಂಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ಸರಾಸರಿ ಲಾಭ 10 ಕೋಟಿ ಇದ್ದರೆ 20 ಲಕ್ಷ. ಯಾವ ಕೆಲಸಕ್ಕೆ ಎಂಬುದನ್ನು ಕಂಪನಿಯೇ ಆರಿಸಿಕೊಳ್ಳುತ್ತದೆ. ಕಾಯ್ದೆಯ ಏಳನೇ ಶೆಡ್ಯೂಲಿನಲ್ಲಿ ಇರುವ ವಿಷಯವಾಗಿರಬೇಕು, ಅಷ್ಟೇ.

ಎರಡನೆಯದು ಕೇಂದ್ರದ ಸಾಮಾಜಿಕ ಭದ್ರತಾ ಸಂಹಿತೆಯದು. ಆ್ಯಪ್ ಮೂಲಕ ಕೆಲಸ ಹಂಚುವ ಕಂಪನಿಗಳು ವರ್ಷದ ವಹಿವಾಟಿನ 1ರಿಂದ 2 ಪರ್ಸೆಂಟನ್ನು ನಿಧಿಗೆ ಕಟ್ಟಬೇಕು. ಈ ಮೊತ್ತ ಕೆಲಸಗಾರರಿಗೆ ಕೊಟ್ಟ ಹಣದ 5 ಪರ್ಸೆಂಟ್ ದಾಟುವಂತಿಲ್ಲ. ಮೂರನೆಯದು ರಾಜ್ಯದ ಕಾಯ್ದೆಯದು. ಇಲ್ಲಿ ಲೆಕ್ಕ ನಡೆಯುವುದು ಪ್ರತಿ ಡೆಲಿವರಿಗೆ, ಪ್ರತಿ ಟ್ರಿಪ್ಪಿಗೆ. ಎರಡೂ ಕಾನೂನುಗಳ ಪಟ್ಟಿಯಲ್ಲಿ ಲಾಜಿಸ್ಟಿಕ್ಸ್ ಸೇವೆಯ ಹೆಸರಿದೆ.

ಹಾಗಾಗಿ ಒಂದು ಲಾಭದ ಮೇಲಿನ ಲೆಕ್ಕ, ಇನ್ನೊಂದು ವಹಿವಾಟಿನ ಮೇಲಿನದು, ಮತ್ತೊಂದು ಕೂಲಿಯ ಮೇಲಿನದು. ಈ ವ್ಯತ್ಯಾಸ ಸಣ್ಣದಂತೆ ಕಂಡರೂ ಜಗಳದ ಬೇರು ಅಲ್ಲೇ ಇದೆ.

ಲಾಭ ಇಲ್ಲದಿದ್ದರೆ ಸಿಎಸ್‌ಆರ್ ಇಲ್ಲ

ಸಾಗಾಟ ಎಂಬುದು ವಹಿವಾಟು ದೊಡ್ಡದಾಗಿ ಕಾಣುವ, ಕೈಗೆ ಉಳಿಯುವುದು ಮಾತ್ರ ಕಡಿಮೆ ಇರುವ ಧಂದೆ. ಬಂದ ಬಾಡಿಗೆಯಲ್ಲಿ ಡೀಸೆಲ್, ಟೋಲ್, ಟಯರ್, ಇನ್ಶೂರೆನ್ಸ್, ಸಾಲದ ಕಂತು ಕಳೆದರೆ ಉಳಿದದ್ದೇ ಲಾಭ. ಆ್ಯಪ್ ಕಂಪನಿಗಳ ಕಥೆ ಇನ್ನೂ ಬೇರೆ. ಗಿರಾಕಿ ಹಿಡಿಯಲು ವರ್ಷಗಟ್ಟಲೆ ನಷ್ಟದಲ್ಲೇ ನಡೆಯುವುದು ಅವುಗಳ ವ್ಯಾಪಾರದ ರೀತಿ.

ಈಗ ಲೆಕ್ಕ ಹಾಕಿ. ಒಂದು ಕಂಪನಿ 1,000 ಕೋಟಿ ವಹಿವಾಟು ಮಾಡುತ್ತದೆ, ಆದರೆ ಮೂರು ವರ್ಷದ ಸರಾಸರಿ ನಷ್ಟದಲ್ಲಿದೆ. ಸೆಕ್ಷನ್ 135ರ ಬಾಗಿಲಿಗೆ ಅದು ಬರುತ್ತದೆ, ಆದರೆ ಖರ್ಚು ಮಾಡಬೇಕಾದ ಮೊತ್ತ ಸೊನ್ನೆ. ಅದೇ ವರ್ಷ ಅದರ ಸಾವಿರಾರು ಹುಡುಗರು ಬಿಸಿಲು ಮಳೆ ಎನ್ನದೆ ಓಡಾಡಿರುತ್ತಾರೆ, ಕೆಲವರು ಬಿದ್ದು ಕೈಕಾಲು ಮುರಿದುಕೊಂಡಿರುತ್ತಾರೆ. ಅಪಘಾತ ಕಂಪನಿಯ ಲಾಭ ನೋಡಿಕೊಂಡು ಆಗುವುದಿಲ್ಲ, ಅಲ್ವಾ? ವಹಿವಾಟಿನ ಮೇಲೆ ಅಥವಾ ಕೂಲಿಯ ಮೇಲೆ ಲೆಕ್ಕ ಹಾಕಿದರೆ ಕಂಪನಿ ನಷ್ಟದಲ್ಲಿದ್ದರೂ ನಿಧಿಗೆ ಹಣ ಬರುತ್ತದೆ. ‘ಸಿಎಸ್‌ಆರ್ ಇದೆಯಲ್ಲ, ಮತ್ತೆ ಶುಲ್ಕ ಯಾಕೆ’ ಎಂಬ ಪ್ರಶ್ನೆಗೆ ಉತ್ತರ ಇದು.

ಕಂಪನಿಯೇ ಅಲ್ಲದವರ ಉದ್ಯಮ

ಈ ಮೂರೂ ಲೆಕ್ಕಗಳು ನಮ್ಮ ಕಡೆಯ, ಅಂದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಾಗಾಟಕ್ಕೆ ಎಷ್ಟು ತಾಗುತ್ತವೆ ಎಂದು ನೋಡಿದರೆ ಚಿತ್ರ ಬದಲಾಗುತ್ತದೆ.

ಬೆಳಗಾವಿ ಜಿಲ್ಲೆಯನ್ನು ಕೊಗನೊಳ್ಳಿಯಿಂದ ಕಿತ್ತೂರಿನವರೆಗೆ ರಾಷ್ಟ್ರೀಯ ಹೆದ್ದಾರಿ 48 ಸೀಳಿಕೊಂಡು ಹೋಗುತ್ತದೆ. ವಿಜಯಪುರದಲ್ಲಿ 50 ಮತ್ತು 52ನೇ ಹೆದ್ದಾರಿಗಳು ಕೂಡುತ್ತವೆ. ಬೆಳಗಾವಿಯ ಅಲ್ಯೂಮಿನಾ, ಮುಧೋಳ–ಲೋಕಾಪುರದ ಸಿಮೆಂಟ್, ಇಳಕಲ್ಲಿನ ಗ್ರಾನೈಟ್, ವಿಜಯಪುರದ ಒಣದ್ರಾಕ್ಷಿ, ಇಂಡಿಯ ಲಿಂಬೆ, ಕೂಡಗಿಯ 2,400 ಮೆಗಾವಾಟ್ ವಿದ್ಯುತ್ ಸ್ಥಾವರದ ಹಾರುಬೂದಿ, ಇವಕ್ಕೆಲ್ಲ ಮುಖ್ಯ ಆಸರೆ ಟಯರ್ ಗಾಡಿಯೇ. ಬಾಗಲಕೋಟೆ–ಕುಡಚಿ ರೈಲು ಮಾರ್ಗ ಇನ್ನೂ ಪೂರ್ತಿಯಾಗದೆ ಉಳಿದಿರುವುದೂ ಇದಕ್ಕೆ ಒಂದು ಕಾರಣ.

ಈ ಗಾಡಿಗಳ ಮಾಲೀಕರು ಯಾರು? 1976ರಲ್ಲಿ ಒಂದೇ ಲಾರಿಯಿಂದ ಶುರುವಾಗಿ ಇಂದು ಷೇರುಪೇಟೆಯಲ್ಲಿರುವ ವಿಆರ್‌ಎಲ್‌ನಂಥವು ಬೆರಳೆಣಿಕೆಯಷ್ಟು. ಉಳಿದವರಲ್ಲಿ ಬಹಳಷ್ಟು ಜನ ಒಂದೋ ಎರಡೋ ಐದೋ ಲಾರಿ ಇಟ್ಟುಕೊಂಡವರು. ಸಾಲ ಮಾಡಿ ಗಾಡಿ ತಂದು ತಾವೇ ಸ್ಟೇರಿಂಗ್ ಹಿಡಿದವರೂ ಇದ್ದಾರೆ. ಇವರು ಕಾಯ್ದೆಯ ಅರ್ಥದಲ್ಲಿ ಕಂಪನಿಗಳೇ ಅಲ್ಲ. ಸೆಕ್ಷನ್ 135 ಇವರನ್ನು ಮುಟ್ಟುವುದಿಲ್ಲ. ಲೋಡ್ ಸಿಗುವುದು ಟ್ರಾನ್ಸ್‌ಪೋರ್ಟ್ ಆಫೀಸಿನ ಬುಕಿಂಗ್ ಏಜೆಂಟ್ ಮೂಲಕ, ಕಮಿಷನ್ ಕೊಟ್ಟು. ಆ್ಯಪ್ ಇಲ್ಲದ ಕಡೆ ಗಿಗ್ ಕಾಯ್ದೆಯೂ ಬರುವುದಿಲ್ಲ. ಪಿಎಫ್ ಬರಬೇಕಾದರೆ 20 ಜನ ಕೆಲಸಗಾರರಿರಬೇಕು, ಇಎಸ್ಐಗೆ 10 ಜನ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ತಾಸಿನ ದುಡಿಮೆ ಎಂದು ಹೇಳಿತ್ತು. ಆದರೆ ಅದೂ 5 ಅಥವಾ ಹೆಚ್ಚು ಕೆಲಸಗಾರರಿದ್ದ ಕಡೆಗೆ ಮಾತ್ರ. ಈಗ ಆ ವಿಷಯ ಹೊಸ ಸಂಹಿತೆಯೊಳಗೆ ಸೇರಿದೆ.

ಒಂದು ಲಾರಿ, ಒಬ್ಬ ಡ್ರೈವರ್, ಒಬ್ಬ ಕ್ಲೀನರ್. ಇವುಗಳಲ್ಲಿ ಯಾವ ಜರಡಿಯಲ್ಲೂ ನಿಲ್ಲದೆ ಉದುರಿಹೋಗುವ ಗಾತ್ರ ಇದು.

ಪಗಾರ ಪಟ್ಟಿಯಲ್ಲಿ ಇಲ್ಲ, ಫಲಾನುಭವಿ ಪಟ್ಟಿಯಲ್ಲಿ ಇದ್ದಾನೆ

ಇನ್ನು ಸರಕಿನ ಮಾಲೀಕರ ಕಡೆ ಬರೋಣ. ಸಿಮೆಂಟ್, ಸಕ್ಕರೆ, ಲೋಹದ ಕಂಪನಿಗಳಿಗೆ ಸಿಎಸ್‌ಆರ್ ಅನ್ವಯಿಸುತ್ತದೆ. ಅವರ ಗೇಟಿನ ಮುಂದೆ ಲಾರಿಗಳು ಸಾಲುಗಟ್ಟಿ ನಿಲ್ಲುತ್ತವೆ. ಅವರು ಡ್ರೈವರ್‌ಗಳಿಗಾಗಿ ಏನು ಮಾಡಬಹುದು?

ನಿಯಮ ಇಲ್ಲೊಂದು ಗೆರೆ ಎಳೆದಿದೆ. ಕಂಪನಿ ತನ್ನ ಸ್ವಂತ ಉದ್ಯೋಗಿಗಳಿಗೆಂದು ಮಾಡಿದ ಖರ್ಚು ಸಿಎಸ್‌ಆರ್ ಆಗುವುದಿಲ್ಲ. ದಿನನಿತ್ಯದ ವ್ಯವಹಾರದ ಭಾಗವಾಗಿ ಮಾಡಿದ್ದೂ ಆಗುವುದಿಲ್ಲ. ಬೇರೆ ಕಾನೂನಿನ ಪ್ರಕಾರ ಮಾಡಲೇಬೇಕಾದದ್ದನ್ನು ಮಾಡಿ ಅದನ್ನು ಸಿಎಸ್‌ಆರ್ ಎಂದು ತೋರಿಸುವಂತೆಯೂ ಇಲ್ಲ. ಈ ಮೂರೂ ಒಳ್ಳೆಯ ನಿಯಮಗಳು. ಇಲ್ಲದಿದ್ದರೆ ಕ್ಯಾಂಟೀನಿನ ಬಿಲ್ಲೂ ಸಮಾಜಸೇವೆ ಆಗಿಬಿಡುತ್ತಿತ್ತು.

ಆದರೆ ಗೇಟಿನ ಮುಂದೆ ಕಾಯುವ ಡ್ರೈವರ್ ಕಂಪನಿಯ ಉದ್ಯೋಗಿ ಅಲ್ಲ. ಅವನು ಲಾರಿ ಮಾಲೀಕನ ಆಳು. ಮಾಲೀಕ ಟ್ರಾನ್ಸ್‌ಪೋರ್ಟ್ ಗುತ್ತಿಗೆದಾರನಿಗೆ ಗಾಡಿ ಹಚ್ಚಿದವನು. ಗುತ್ತಿಗೆದಾರನ ಜೊತೆ ಮಾತ್ರ ಕಂಪನಿಯ ಕರಾರು. ಹೀಗಾಗಿ ಡ್ರೈವರ್‌ಗೆ ಪಗಾರ, ಪಿಎಫ್, ರಜೆ ಕೊಡುವ ಮಾತು ಬಂದಾಗ ‘ಅವನು ನಮ್ಮವನಲ್ಲ’ ಎನ್ನಬಹುದು. ಅದೇ ಡ್ರೈವರ್‌ಗೆ ಕಣ್ಣಿನ ಶಿಬಿರ ಮಾಡಿ ಕನ್ನಡಕ ಕೊಟ್ಟರೆ ಅವನು ‘ಸಮಾಜ’ ಆಗುತ್ತಾನೆ, ಖರ್ಚು ಸಿಎಸ್‌ಆರ್ ಆಗುತ್ತದೆ. 2014ರ ಜೂನ್‌ನಲ್ಲಿ ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ ಹೊರಡಿಸಿದ ಸುತ್ತೋಲೆ ರಸ್ತೆ ಸುರಕ್ಷತೆ, ಚಾಲಕರ ತರಬೇತಿ, ಅಪಘಾತದಲ್ಲಿ ಗಾಯಗೊಂಡವರ ಚಿಕಿತ್ಸೆ ಇವಕ್ಕೆಲ್ಲ ಒಪ್ಪಿಗೆ ಕೊಟ್ಟಿದೆ.

ಇದು ಕಾನೂನು ಮುರಿದದ್ದಲ್ಲ. ಕನ್ನಡಕ ಸುಮ್ನೆ ತೋರಿಕೆಯದೂ ಅಲ್ಲ. ರಾತ್ರಿ ಎದುರಿನ ಲೈಟಿಗೆ ಕಣ್ಣು ಕುಕ್ಕುವವನಿಗೆ ಅದು ಜೀವ ಉಳಿಸುವ ವಸ್ತು. ಆದರೆ ಕಂಪನಿ ಮನಸ್ಸು ಮಾಡಿದರೆ ಮಾತ್ರ ಅದು ಸಿಗುತ್ತದೆ. ಮುಂದಿನ ವರ್ಷ ಕೆರೆ ಹೂಳೆತ್ತೋಣ ಎಂದು ಕಂಪನಿ ತೀರ್ಮಾನಿಸಿದರೆ ಶಿಬಿರ ನಿಂತುಹೋಗುತ್ತದೆ. ಡ್ರೈವರ್ ಕೇಳುವಂತಿಲ್ಲ, ಯಾಕೆಂದರೆ ಅದು ಅವನ ಹಕ್ಕಲ್ಲ.

ಡ್ರೈವರ್‌ಗೆ ಶಿಬಿರಕ್ಕಿಂತ ಜಾಸ್ತಿ ಉಪಯೋಗ ಆಗುವ ಕೆಲವು ವಿಷಯಗಳು ಸಿಎಸ್‌ಆರ್‌ನ ಹೊರಗಿವೆ. ಲಾರಿಯನ್ನು ಗೇಟಿನ ಮುಂದೆ ಎರಡು ದಿನ ಕಾಯಿಸದೆ ಖಾಲಿ ಮಾಡಿಸುವುದು, ನಿಲ್ಲಲು ನೆರಳಿರುವ ಜಾಗ, ನೀರು, ಪಾಯಿಖಾನೆ, ಬಾಡಿಗೆ ಬಾಕಿಯನ್ನು ತಿಂಗಳುಗಟ್ಟಲೆ ಎಳೆಯದೆ ಚುಕ್ತಾ ಮಾಡುವುದು. ಇವು ವ್ಯವಹಾರದ ಶಿಸ್ತು. ಬಾಡಿಗೆ ಬೇಗ ಬಂದರೆ ಮಾಲೀಕ ಡ್ರೈವರ್‌ಗೆ ಪಗಾರ ಬೇಗ ಕೊಡುತ್ತಾನೆ. ಕಾಯುವುದು ಕಡಿಮೆಯಾದರೆ ಆ ಹೊತ್ತನ್ನು ತುಂಬಿಕೊಳ್ಳಲು ಅವನು ರಾತ್ರಿಯಿಡೀ ಓಡಿಸಬೇಕಾಗಿಲ್ಲ. ಅದಕ್ಕೆ ಯಾವ ಪರ್ಸೆಂಟೂ ಬೇಡ. ವಾರ್ಷಿಕ ವರದಿಯಲ್ಲಿ ಅದರ ಫೋಟೊ ಬರುವುದಿಲ್ಲ, ಅದೊಂದೇ ತೊಂದರೆ.

ಕಬ್ಬಿನ ಟ್ರೇಲರ್‌ನ ಸರಪಳಿ

ಹೊಣೆ ಹೇಗೆ ಜಾರುತ್ತದೆ ಎಂಬುದಕ್ಕೆ ಈ ಮೂರು ಜಿಲ್ಲೆಗಳಲ್ಲಿ ಕಬ್ಬಿಗಿಂತ ಒಳ್ಳೆ ಉದಾಹರಣೆ ಸಿಗಲಾರದು.

2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ಕುಳಿತರು. ಕೊನೆಗೆ ಸರ್ಕಾರ 3,300ಕ್ಕೆ ಒಪ್ಪಿಸಿತು. ಆ ಇಡೀ ಚರ್ಚೆಯಲ್ಲಿ ‘ಕಟಾವು–ಸಾಗಾಟ ಬಿಟ್ಟು’ ಎಂಬ ಮಾತು ಮತ್ತೆ ಮತ್ತೆ ಬಂತು. ಕೇಂದ್ರ ನಿಗದಿ ಮಾಡುವ ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ದರ) ಕಾರ್ಖಾನೆಯ ಗೇಟಿಗೆ ತಂದು ಮುಟ್ಟಿಸಿದ ಕಬ್ಬಿನ ದರ. 2025–26ಕ್ಕೆ ಅದು ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್ನಿಗೆ 3,550. ಗದ್ದೆಯಿಂದ ಗೇಟಿನವರೆಗಿನ ಖರ್ಚು ಅದರಲ್ಲೇ ಕಡಿತ ಆಗುತ್ತದೆ. ಹೀಗೆ ಬಿಟ್ಟ ಮೊತ್ತದ ಒಳಗೆ ಯಾರಿದ್ದಾರೆ ಎಂದು ಆ ದಿನಗಳಲ್ಲಿ ಹೆಚ್ಚು ಜನ ಕೇಳಲಿಲ್ಲ.

ಅದರೊಳಗೆ ಒಂದು ಸರಪಳಿಯೇ ಇದೆ. ಕಾರ್ಖಾನೆ ಸಾಗಾಟದ ಗುತ್ತಿಗೆದಾರನಿಗೆ ಮುಂಗಡ ಕೊಡುತ್ತದೆ. ಅವನು ಹೆಚ್ಚಾಗಿ ಟ್ರ್ಯಾಕ್ಟರ್ ಮಾಲೀಕನೇ. ಅವನು ಕಬ್ಬು ಕಡಿಯುವ ಗ್ಯಾಂಗಿನ ಮುಖಂಡನಾದ ಮುಕಾದಮನಿಗೆ ಮುಂಗಡ ಕೊಡುತ್ತಾನೆ. ಮುಕಾದಮ ಗಂಡ–ಹೆಂಡತಿ ಜೋಡಿಗಳಿಗೆ ಹಂಚುತ್ತಾನೆ. ಹಂಗಾಮು ಮುಗಿಯುವವರೆಗೆ ಆ ಜೋಡಿ ಕಡಿದು, ಹೊತ್ತು, ಹೇರಿ ಸಾಲ ತೀರಿಸಬೇಕು. ಖರ್ಚು ಬೀಳುವುದು ರೈತನ ಲೆಕ್ಕಕ್ಕೆ, ಕರಾರು ಇರುವುದು ಕಾರ್ಖಾನೆಯದು, ಗಾಡಿ ಗುತ್ತಿಗೆದಾರನದು, ದುಡಿಮೆ ಗ್ಯಾಂಗಿನದು. ರಾತ್ರಿ ಎರಡು ಟ್ರೇಲರ್ ಕಟ್ಟಿಕೊಂಡು, ಜೋರಾಗಿ ಹಾಡು ಹಚ್ಚಿಕೊಂಡು, ಹಿಂದೆ ಲೈಟಿಲ್ಲದೆ ಹೋಗುತ್ತಿದ್ದ ಟ್ರ್ಯಾಕ್ಟರ್‌ಗೆ ಯಾರೋ ಬೈಕಿನವನು ಬಡಿದರೆ ಹೊಣೆ ಯಾರದು? ನಾಲ್ಕೂ ಜನ ಪಕ್ಕದವನ ಕಡೆ ಕೈ ತೋರಿಸಬಹುದು.

ಇನ್ಶೂರೆನ್ಸ್ ಕೂಡ ಇಲ್ಲಿ ಗಟ್ಟಿ ಆಸರೆ ಅಲ್ಲ. ಕೃಷಿ ಕೆಲಸಕ್ಕೆಂದು ನೋಂದಣಿ ಮಾಡಿಸಿದ ಟ್ರ್ಯಾಕ್ಟರ್ ಬಾಡಿಗೆ ಸಾಗಾಟ ಮಾಡುತ್ತಿತ್ತು ಎಂದು ವಿಮಾ ಕಂಪನಿ ತಕರಾರು ತೆಗೆಯುತ್ತದೆ. ಕಬ್ಬಿನ ಹೇರಿನ ಮೇಲೆ ಕುಳಿತು ಬರುವ ಗ್ಯಾಂಗಿನವರು ಬಿದ್ದರೆ ಪರಿಹಾರಕ್ಕೆ ಕೋರ್ಟು ಅಲೆಯಬೇಕಾಗುತ್ತದೆ.

ಇನ್ನು ಸಿಎಸ್‌ಆರ್. ಸಂಕೇಶ್ವರದ ಹಿರಣ್ಯಕೇಶಿ, ಎಂ.ಕೆ. ಹುಬ್ಬಳ್ಳಿಯ ಮಲಪ್ರಭಾದಂಥ ಕಾರ್ಖಾನೆಗಳು ಸಹಕಾರಿ ಸಂಘಗಳಾಗಿ ಹುಟ್ಟಿದವು. ಸಹಕಾರಿ ಸಂಘ ಕಂಪನಿ ಕಾಯ್ದೆಯ ಕೆಳಗೆ ಬರುವುದಿಲ್ಲ, ಹಾಗಾಗಿ ಸೆಕ್ಷನ್ 135 ಅಲ್ಲಿಗೆ ಮುಟ್ಟುವುದಿಲ್ಲ. ಪಕ್ಕದ ಊರಿನ ಖಾಸಗಿ ಕಾರ್ಖಾನೆಗೆ ಮುಟ್ಟುತ್ತದೆ. ರಸ್ತೆ ಒಂದೇ, ಕಬ್ಬು ಒಂದೇ, ಗ್ಯಾಂಗೂ ಒಂದೇ ಇರಬಹುದು. ಕಾನೂನು ಮಾತ್ರ ಎರಡು. ಸಿಎಸ್‌ಆರ್ ಅನ್ವಯಿಸುವ ಕಡೆಯೂ ಟ್ರೇಲರ್‌ಗಳ ಹಿಂದೆ ರೇಡಿಯಂ ಅಂಟಿಸುವುದಕ್ಕಿಂತ ಮುಂದೆ ಹೋದ ಕೆಲಸ ಅಪರೂಪ. ರೇಡಿಯಂ ಬೇಕು, ನಿಜ. ಆದರೆ ಅದು ಮೋಟಾರು ವಾಹನ ನಿಯಮಗಳು ಮೊದಲೇ ಕೇಳುವ ವಸ್ತು.

ಧೂಳಿನ ಊರು, ಹಣದ ಊರು

ಕಂಪನಿ ತಾನು ಕೆಲಸ ಮಾಡುವ ಸ್ಥಳೀಯ ಪ್ರದೇಶಕ್ಕೆ ಆದ್ಯತೆ ಕೊಡಬೇಕು ಎಂದು ಸೆಕ್ಷನ್ 135 ಹೇಳುತ್ತದೆ. ಕಾರ್ಖಾನೆಗೆ ಸ್ಥಳೀಯ ಪ್ರದೇಶ ಯಾವುದು ಎಂದು ಹೇಳುವುದು ಸುಲಭ. ಸಾಗಾಟ ಕಂಪನಿಗೆ? ಕಚೇರಿ ಮುಂಬೈಯಲ್ಲಿ, ಗೋದಾಮು ಪುಣೆಯಲ್ಲಿ, ಗಿರಾಕಿ ಬೆಂಗಳೂರಿನಲ್ಲಿ. ನಿಪ್ಪಾಣಿ, ಹತ್ತರಗಿ, ಹಿರೇಬಾಗೇವಾಡಿ ಅದಕ್ಕೆ ದಾಟಿಹೋಗುವ ಊರುಗಳು. ಹೊಗೆ, ಸದ್ದು, ಅಪಘಾತ ಮಾತ್ರ ಇಲ್ಲಿ. ಮೇಲಾಗಿ ಈ ಆದ್ಯತೆ ಕಡ್ಡಾಯವಲ್ಲ, ದಿಕ್ಕು ತೋರಿಸುವಂಥದ್ದು ಎಂದು ಸಚಿವಾಲಯವೇ 2021ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ದೇಶದ ಸಿಎಸ್‌ಆರ್ ಹಣದಲ್ಲಿ ದೊಡ್ಡ ಪಾಲು ವರ್ಷವೂ ಮಹಾರಾಷ್ಟ್ರಕ್ಕೇ ಹೋಗುವುದು ಇದೇ ಕಾರಣಕ್ಕೆ ಅಚ್ಚರಿಯಲ್ಲ. ದೊಡ್ಡ ಕಂಪನಿಗಳ ಕಚೇರಿಗಳಿರುವುದು ಅಲ್ಲಿ.

ಬೂದಿ, ಸಿಮೆಂಟ್, ಜಲ್ಲಿ ಸಾಗಿಸುವ ಗಾಡಿಗಳಿಗೆ ತಾಡಪತ್ರಿ ಮುಚ್ಚುವುದು, ರಸ್ತೆಗೆ ನೀರು ಹೊಡೆಯುವುದು ಇವು ಸಾಮಾನ್ಯವಾಗಿ ಪರಿಸರ ಅನುಮತಿಯ ಷರತ್ತಿನಲ್ಲೇ ಇರುತ್ತವೆ. ಷರತ್ತಿನಲ್ಲಿದ್ದ ಮೇಲೆ ಅದು ಸಿಎಸ್‌ಆರ್ ಅಲ್ಲ. ಊರಿನವರು ಇಲ್ಲಿ ಎಡವುವುದುಂಟು. ಧೂಳಿನ ಬಗ್ಗೆ ದೂರು ಕೊಡಲು ಹೋಗಿ ಸಮುದಾಯ ಭವನ ಮಂಜೂರು ಮಾಡಿಸಿಕೊಂಡು ಬಂದರೆ ಧೂಳು ಹಾಗೇ ಉಳಿಯುತ್ತದೆ.

ಯಾರ ವಾದ ಏನು

ಲಾರಿ ಮಾಲೀಕರ ಮಾತಿನಲ್ಲಿ ಹುರುಳಿದೆ. ಬಾಡಿಗೆ ದರ ಗೊತ್ತು ಮಾಡುವುದು ಸರಕಿನವರು, ಡೀಸೆಲ್ ದರ ತೈಲ ಕಂಪನಿಯವರು, ಟೋಲ್ ದರ ಪ್ರಾಧಿಕಾರದವರು. ಮಧ್ಯೆ ನಾವು ಹೊಸ ಹೊಣೆ ಎಲ್ಲಿಂದ ಹೊರೋಣ ಎನ್ನುತ್ತಾರೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಎ.ಸಿ. ಕಡ್ಡಾಯವಾಗಿದೆ. ಅದರ ಬೆಲೆಯೂ ಕಂತಿಗೇ ಸೇರಿತು. ಆದರೆ ಡ್ರೈವರ್‌ಗೆ ಎಷ್ಟೋ ವರ್ಷದ ಸಿಎಸ್‌ಆರ್ ಕೊಡದ ತಂಪನ್ನು ಒಂದು ನಿಯಮ ಕೊಟ್ಟಿತು ಎಂಬುದನ್ನೂ ಮರೆಯಬಾರದು.

ಆ್ಯಪ್ ಕಂಪನಿಗಳ ವಾದ ಎಂದರೆ, ರಾಜ್ಯದ ಶುಲ್ಕ, ಕೇಂದ್ರದ ಶುಲ್ಕ ಎರಡೂ ಸೇರಿದರೆ ಹೊರೆ ಇಮ್ಮಡಿಯಾಗುತ್ತದೆ, ಕೊನೆಗೆ ಗಿರಾಕಿಯ ಬಿಲ್ಲಿಗೇ ಬರುತ್ತದೆ. ಬರಬಹುದು. ಆದರೆ ಇಷ್ಟು ದಿನ ಆ ಖರ್ಚು ಇರಲಿಲ್ಲ ಎಂದಲ್ಲ. ಬಿದ್ದ ಹುಡುಗನ ಮನೆಯವರು ಅದನ್ನು ಸಾಲ ಮಾಡಿ ಕಟ್ಟುತ್ತಿದ್ದರು.

ಕಾರ್ಮಿಕ ಸಂಘಗಳು ದಾನ ಬೇಡ, ಮಂಡಳಿ ಬೇಕು ಎನ್ನುತ್ತವೆ. ಅದಕ್ಕೆ ಅವರು ತೋರಿಸುವುದು ಗಡಿಯಾಚೆಗೆ. ಕೊಲ್ಲಾಪುರ, ಸಾಂಗಲಿ, ಸೊಲ್ಲಾಪುರದ ಹಮಾಲರಿಗೆ ಮಹಾರಾಷ್ಟ್ರದ 1969ರ ಮಾಥಾಡಿ ಕಾಯ್ದೆ ಇದೆ. ಸರಕಿನ ಮಾಲೀಕ ಕೂಲಿಯ ಜೊತೆಗೆ ಲೆವಿಯನ್ನೂ ಮಂಡಳಿಗೆ ಕಟ್ಟುತ್ತಾನೆ, ಪಿಎಫ್ ಮುಂತಾದವು ಅಲ್ಲಿಂದ ಸಿಗುತ್ತವೆ. ಹಮಾಲ ಯಾವ ಅಂಗಡಿಯ ಆಳು ಎಂಬ ಪ್ರಶ್ನೆಯೇ ಏಳುವುದಿಲ್ಲ, ಹೊಣೆ ಚೀಲದ ಜೊತೆ ಹೋಗುತ್ತದೆ. ಕಬ್ಬು ಕಡಿಯುವವರಿಗೂ ಅಲ್ಲಿ ನಿಗಮ ಇದೆ, ಕಾರ್ಖಾನೆಗಳಿಂದ ಟನ್ನಿಗೆ 10 ರೂಪಾಯಿ ಪಡೆಯುವ ಏರ್ಪಾಡಿದೆ. ಅಲ್ಲಿನ ಜಾರಿಯಲ್ಲೂ ಹುಳುಕಿದೆ, ಅದು ಬೇರೆ ಮಾತು. ನಮ್ಮಲ್ಲಿ ಹಮಾಲರಿಗೆ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತದ ಕಾರ್ಡ್ ಇದೆ. ಡ್ರೈವರ್, ಕ್ಲೀನರ್, ಗ್ಯಾರೇಜ್ ಮೆಕ್ಯಾನಿಕ್‌ಗಳಿಗಾಗಿ 2024ರಲ್ಲಿ ರಾಜ್ಯ ಪ್ರತ್ಯೇಕ ಕಾಯ್ದೆ ತಂದಿದೆ. ಅದಕ್ಕೆ ಹಣ ಬರುವುದು ವಾಹನಗಳ ಮೇಲಿನ ಸೆಸ್‌ನಿಂದ. ಇದು ಒಂದೇ ಲಾರಿಯ ಡ್ರೈವರ್‌ಗೂ ತಾಗುವ ಕಾನೂನು. ಬೆಳಗಾವಿಯ ಆಟೋ ನಗರದ ಗ್ಯಾರೇಜ್ ಹುಡುಗನಿಗೂ ಇದು ಸಿಗುತ್ತದೆ. ನೋಂದಣಿ ಮಾಡಿಸಿಕೊಳ್ಳಬೇಕು.

ಮುಂದೇನಾಗಬಹುದು

ಬದಲಾವಣೆ ಸಿಎಸ್‌ಆರ್ ಬಾಗಿಲಿನಿಂದ ಬರುವ ಲಕ್ಷಣ ಕಡಿಮೆ. ಬರುವುದಾದರೆ ದೊಡ್ಡ ಗಿರಾಕಿಗಳ ಕಡೆಯಿಂದ ಬರುತ್ತದೆ. ಷೇರುಪೇಟೆಯ ಅತಿ ದೊಡ್ಡ 1,000 ಕಂಪನಿಗಳು ಪರಿಸರ ಮತ್ತು ಸಾಮಾಜಿಕ ಹೊಣೆಯ ವರದಿ ಕೊಡಬೇಕು ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ 2022–23ರಿಂದ ಕಡ್ಡಾಯ ಮಾಡಿದೆ. ಅದರ ಮುಂದಿನ ಹೆಜ್ಜೆಯಲ್ಲಿ, ಮೇಲಿನ 250 ಕಂಪನಿಗಳು ತಮಗೆ ಮಾಲು ಮತ್ತು ಸೇವೆ ಕೊಡುವವರ ವಿವರವನ್ನೂ ಹೇಳಬೇಕೆಂಬ ಮಾತಿದೆ. ಸದ್ಯ ಅದು ಸ್ವಯಂಪ್ರೇರಿತ. ಒಟ್ಟು ಖರೀದಿ ಅಥವಾ ಮಾರಾಟದಲ್ಲಿ 2 ಪರ್ಸೆಂಟ್ ಅಥವಾ ಹೆಚ್ಚಿನ ಪಾಲಿರುವವರ ವಿವರ ಸಾಕು ಎಂದಿದೆ. (ಹೌದು, ಇಲ್ಲೂ ಒಂದು 2 ಪರ್ಸೆಂಟ್!) ದೊಡ್ಡ ಟ್ರಾನ್ಸ್‌ಪೋರ್ಟ್ ಗುತ್ತಿಗೆದಾರ ಈ ಬಲೆಗೆ ಬೀಳಬಹುದು. ಬಿದ್ದರೆ ಅವನು ತನಗೆ ಗಾಡಿ ಹಚ್ಚಿದ ಸಣ್ಣ ಮಾಲೀಕರಿಂದ ದಾಖಲೆ ಕೇಳುತ್ತಾನೆ. ಡ್ರೈವರ್‌ನ ಇನ್ಶೂರೆನ್ಸ್, ದುಡಿಮೆಯ ತಾಸು, ಗಾಡಿಯ ಹೊಗೆ ಪ್ರಮಾಣಪತ್ರ. ಬಾಡಿಗೆ ಹೆಚ್ಚಿಸದೆ ಬರೀ ಕಾಗದ ಕೇಳಿದರೆ ಕಾಗದ ಮಾತ್ರ ಹುಟ್ಟುತ್ತದೆ. ಒಂದೆರಡು ಲಾರಿಯವರು ಧಂದೆ ಬಿಟ್ಟು ದೊಡ್ಡವರಿಗೆ ಗಾಡಿ ಮಾರುವುದೂ ನಡೆಯಬಹುದು.

ಕಬ್ಬಿನಲ್ಲಿ ಹತ್ತಿರದ ದಾರಿ ಬೇರೆಯೇ ಇದೆ. ಮುಂದಿನ ಹಂಗಾಮಿನ ಕರಾರುಗಳನ್ನು ಮಳೆಗಾಲದಲ್ಲೇ ಬರೆಸಲಾಗುತ್ತದೆ, ಮುಂಗಡ ಆಗಲೇ ಕೈ ಬದಲಾಗುತ್ತದೆ. ಆ ಕರಾರು ಬರೆಯುವವರು ಕಾರ್ಖಾನೆಯವರೇ, ಸಹಕಾರಿಯಾಗಲಿ ಖಾಸಗಿಯಾಗಲಿ. ಗ್ಯಾಂಗಿನ ಪ್ರತಿ ಜೋಡಿಗೆ ಅಪಘಾತ ವಿಮೆ ಯಾರು ಕಟ್ಟಬೇಕು, ಎರಡನೇ ಟ್ರೇಲರ್‌ಗೆ ಲೈಟಿಲ್ಲದಿದ್ದರೆ ಕಾಟಾದಲ್ಲಿ ತೂಕ ಮಾಡಬೇಕೋ ಬೇಡವೋ ಎಂಬ ಎರಡು ಸಾಲು ಅದರಲ್ಲಿ ಸೇರಬೇಕಾದರೆ ಸೆಕ್ಷನ್ 135 ಬೇಕಾಗಿಲ್ಲ. ಗದ್ದೆಗೆ ಗಾಡಿ ಬರುವ ಮುಂಚೆ, ಜೂನ್–ಜುಲೈನಲ್ಲಿ, ಆ ಕಾಗದವನ್ನು ಯಾರಾದರೂ ಓದಿ ಕೇಳಬೇಕು.